ಲೇಔಟ್ ಮಾಡೋರ ಸಂಜೆ ಬೈಠಕ್: ಅಲ್ಲಿ ಕಲಿಯೋದೇನು, ಸೈಟ್ ಕೊಳ್ಳೋರಿಗೆ ಅದರಿಂದೇನು?

ದಾವಣಗೆರೆ: ಹದಡಿ ರಸ್ತೆ, ಶಾಮನೂರು, ಆವರಗೆರೆ, ಬಾತಿ... ಊರಿನ ಯಾವ ದಿಕ್ಕಿಗೆ ಹೊರಟರೂ ಹೊಲದ ಅಂಚಿಗೊಂದು ಕಮಾನು, ಸಾಲಾಗಿ ನೆಟ್ಟ ಕಲ್ಲು, ‘30x40 ಸೈಟ್‌ಗಳು ಲಭ್ಯ’ ಅನ್ನೋ ಬೋರ್ಡ್ ಕಣ್ಣಿಗೆ ಬೀಳುತ್ತೆ. ಇದರ ಹಿಂದೆಲ್ಲ ದೊಡ್ಡ ಕಂಪನಿಗಳಿವೆ ಅಂದ್ಕೋಬೇಡಿ. ಅಡಿಕೆ ದುಡ್ಡು ಕೈಗೆ ಬಂದ ರೈತ, ಗೊಬ್ಬರದ ಅಂಗಡಿ ಮಾಲೀಕ, ನಿವೃತ್ತ ಗುತ್ತಿಗೆದಾರ, ಇಂಥ ಮೂರ್ನಾಲ್ಕು ಜನ ಪಾಲು ಹಾಕಿ ಎರಡು ಎಕರೆ ಹಿಡಿದಿರುತ್ತಾರೆ. ಇವರಿಗೆ ಕಾನೂನು ವಿಭಾಗ ಇಲ್ಲ, ಸಂಬಳದ ಇಂಜಿನಿಯರ್ ಇಲ್ಲ. ಹಾಗಾದ್ರೆ ಕಸುಬು ಕಲಿಯೋದು ಎಲ್ಲಿ?

ಉತ್ತರ: ಒಬ್ಬರಿಂದ ಒಬ್ಬರು. ಕ್ರೆಡಾಯ್‌ನಂಥ ಬಿಲ್ಡರ್‌ಗಳ ಸಂಘಕ್ಕೆ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದಂಥ ಕಡೆ ಘಟಕಗಳಿವೆ. ಅಲ್ಲಿ ಸಮಾವೇಶ, ತಜ್ಞರ ಭಾಷಣ ಎಲ್ಲ ನಡೆಯುತ್ತೆ. ಎರಡು ಎಕರೆಯವರಿಗೆ ಹತ್ತಿರವಾಗೋದು ಬೇರೆ ತರದ ಕೂಟ. ಅಂಗಡಿ ಬಾಗಿಲು ಹಾಕಿದ ಮೇಲೆ ಹೋಟೆಲಿನ ಮೇಲ್ಮಹಡಿಯಲ್ಲೋ, ಯಾರದ್ದಾದ್ರೂ ಆಫೀಸಿನಲ್ಲೋ ಹತ್ತು ಹದಿನೈದು ಜನ ಸೇರ್ತಾರೆ. ಕೆಲವೊಮ್ಮೆ ಒಬ್ಬ ವಕೀಲರು, ಒಬ್ಬ ಸರ್ವೇಯರ್, ಒಬ್ಬ ಆಡಿಟರ್ ಅತಿಥಿ. ನಡಾವಳಿ ಪುಸ್ತಕ ಇರಲ್ಲ, ಫೋಟೋನೂ ತೆಗೆಯಲ್ಲ. ಆದ್ರೆ ನೀವು ಕೊಳ್ಳೋ ಸೈಟಿನ ಹಣೆಬರಹ ಬಹಳಷ್ಟು ಸಲ ಬರೆಯೋದು ಇಂಥ ಮಾತುಕತೆಯಲ್ಲೇ.

2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಈ ಕಸುಬಿಗೆ ಹೊಸಬರು ಬರೋ ದಾರಿ ಅದರಿಂದ ಅಗಲವಾಯ್ತು. ಹೊಸಬರು ಎಡವೋ ಮೊದಲ ಕಲ್ಲು ಯಾವಾಗಲೂ ಲೆಕ್ಕದ್ದೇ.

72 ಸೈಟ್ ಅಲ್ಲ, 39

ಎರಡು ಎಕರೆ ಅಂದ್ರೆ 87,120 ಚದರಡಿ. 30x40 ಸೈಟು 1,200 ಚದರಡಿ. ಭಾಗಿಸಿದ್ರೆ 72 ಸೈಟು ಬರುತ್ತೆ. ಹೊಸಬ ಈ ಲೆಕ್ಕದ ಮೇಲೇ ರೈತನಿಗೆ ರೇಟು ಒಪ್ಪಿ ಟೋಕನ್ ಅಡ್ವಾನ್ಸ್ ಕೊಟ್ಟು ಬಂದಿರ್ತಾನೆ. ಆದ್ರೆ ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ (ಸಿಎ ಸೈಟ್) ಬಿಟ್ಟ ಮೇಲೆ ಮಾರೋಕೆ ಸಿಗೋದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ನೂರಕ್ಕೆ 55 ಅಂತ ಹಿಡಿದ್ರೂ 47,916 ಚದರಡಿ, ಅಂದ್ರೆ 39 ಸೈಟು.

ಇಷ್ಟಕ್ಕೇ ಮುಗಿಯಲ್ಲ. ಪಹಣಿಯಲ್ಲಿ ‘ಖರಾಬು’ ಅಂತ ಒಂದು ಕಾಲಂ ಇರುತ್ತಲ್ಲ, ಅದರಲ್ಲಿ ‘ಬಿ’ ಖರಾಬು ಇದ್ರೆ ಅದು ಹಳ್ಳವೋ ಬಂಡಿದಾರಿಯೋ ಆಗಿರುತ್ತೆ, ಸಾರ್ವಜನಿಕರದ್ದು. ಅದನ್ನ ಸೈಟ್ ಮಾಡೋ ಹಾಗಿಲ್ಲ. ‘ಮೊದಲು ಹದ್ದುಬಸ್ತು ಮಾಡ್ಸು, ಆಮೇಲೆ ಮಾತಾಡು ಯಜಮಾನ’ ಅನ್ನೋದು ಇಂಥ ಬೈಠಕ್‌ನಲ್ಲಿ ಹಳಬರು ಕೊಡೋ ಮೊದಲ ಬುದ್ಧಿಮಾತು. ಮಾಸ್ಟರ್ ಪ್ಲಾನ್‌ನಲ್ಲಿ ಆ ಸರ್ವೆ ನಂಬರ್ ಹಳದಿ ಬಣ್ಣದಲ್ಲಿದೆಯೋ ಹಸಿರಲ್ಲಿದೆಯೋ ಅಂತ ನೋಡೋದು ಎರಡನೇದು. ಹಳದಿ ವಸತಿ ವಲಯ, ಹಸಿರು ಕೃಷಿ ವಲಯ.

ಲೆಕ್ಕ ತಪ್ಪಿದವನು ನಷ್ಟವನ್ನ ಸುಮ್ಮನೆ ನುಂಗಲ್ಲ. ರಸ್ತೆ ಕಿರಿದಾಗುತ್ತೆ, ಚರಂಡಿ ಕಾಣೆಯಾಗುತ್ತೆ, ಪಾರ್ಕಿನ ಮೂಲೆಯಲ್ಲಿ ಇನ್ನೊಂದು ಸೈಟು ಹುಟ್ಟುತ್ತೆ. ಅದಕ್ಕೇ ಈ ಪಾಠ ಸೈಟ್ ಕೊಳ್ಳೋರಿಗೂ ಸಂಬಂಧಪಟ್ಟದ್ದು.

ಅಕ್ಕತಂಗಿಯರ ಸಹಿ ಎಲ್ಲಿ?

ಬೈಠಕ್‌ನಲ್ಲಿ ಹೆಚ್ಚು ಹೊತ್ತು ತಿನ್ನೋದು ಕಾಗದಪತ್ರದ ವಿಷಯ. ಅಲ್ಲಿ ಬರೋ ಕತೆಗಳದ್ದು ಸಾಮಾನ್ಯವಾಗಿ ಒಂದೇ ದಾಟಿ. ಅಣ್ಣತಮ್ಮಂದಿರು ನಾಲ್ವರೂ ಸಹಿ ಹಾಕಿದ್ರು, ಅಲಿನೇಷನ್ ಆಯ್ತು, ಪ್ಲಾನ್ ಅಪ್ರೂವಲ್ ಆಯ್ತು, ಹತ್ತು ಸೈಟು ಮಾರಾಟನೂ ಆಯ್ತು. ಆಮೇಲೆ ಮದುವೆಯಾಗಿ ಹೋದ ಅಕ್ಕ ಕೋರ್ಟಿನಿಂದ ತಡೆಯಾಜ್ಞೆ ತಂದ್ರು.

ಅಕ್ಕ ಮಾಡಿದ್ದು ಅನ್ಯಾಯ ಅಂತ ಕೆಲವರು ಗೊಣಗ್ತಾರೆ. ನಮ್ಮ ಪ್ರಕಾರ ಅನ್ಯಾಯ ಏನೂ ಇಲ್ಲ, ಅದು ಅವರ ಹಕ್ಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಅಂತ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳುತ್ತೆ. ಕರ್ನಾಟಕದಲ್ಲಿ 1994ರಲ್ಲೇ, ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ, ಈ ಹಕ್ಕು ಬಂದಿತ್ತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ರೂ ಮಗಳ ಹಕ್ಕು ಹೋಗಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಪಾಲು ಆಗಿದ್ರೆ ಮಾತ್ರ ಲೆಕ್ಕ ಬೇರೆ. ಹಾಗಾಗಿ ಅನುಭವ ಇದ್ದವರು ವಂಶವೃಕ್ಷ ಕೈಗೆ ತಗೊಂಡು ಮೊದಲು ಹುಡುಕೋದು ಹೆಣ್ಣುಮಕ್ಕಳ ಹೆಸರನ್ನ. ಗಂಡುಮಕ್ಕಳ ಹೆಸರು ಮಾತ್ರ ಇರೋ ವಂಶವೃಕ್ಷ ಕಂಡ್ರೆ ಮನೆಗೇ ಹೋಗಿ ವಿಚಾರಿಸ್ತಾರೆ.

ಇನ್ನೊಂದು ಪಿಟಿಸಿಎಲ್. 1978ರ ಈ ಕಾಯ್ದೆ ಪ್ರಕಾರ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರೋ ಹಾಗಿಲ್ಲ. ಮಾರಿದ್ರೆ ಮೂಲ ಮಂಜೂರುದಾರರಿಗೆ ವಾಪಸ್ ಕೊಡಿಸಬಹುದು. ‘ಮಾರಾಟ ಆಗಿ ಮೂವತ್ತು ವರ್ಷ ಆಯ್ತು, ಇನ್ನೇನು ಭಯ’ ಅನ್ನೋ ಮಾತು ಹಿಂದೆ ನಡೀತಿತ್ತು. ಅರ್ಜಿ ಹಾಕೋಕೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿ ಆದ ಮೇಲೆ ಆ ಧೈರ್ಯಕ್ಕೆ ಅರ್ಥ ಉಳಿದಿಲ್ಲ. ಇಸಿಯಲ್ಲಿ ಸಾಲ, ಕ್ರಯ ಕಾಣುತ್ತೆ, ಜಮೀನು ಮೂಲದಲ್ಲಿ ಯಾರಿಗೆ ಹೇಗೆ ಬಂತು ಅನ್ನೋದು ಕಾಣಲ್ಲ. ಅದಕ್ಕೆ ತಾಲ್ಲೂಕು ಕಚೇರಿಯ ಹಳೇ ಮಂಜೂರಾತಿ ದಾಖಲೆಯನ್ನೇ ತೆಗೆಸಬೇಕು.

ಎರೆ ಮಣ್ಣಿನ ಪಾಠ

ಕಾಗದ ಸರಿ ಇದ್ರೂ ಮಣ್ಣು ಕೈಕೊಡುತ್ತೆ. ನಮ್ಮ ಕಡೆ ಎರೆ ಭೂಮಿ ಜಾಸ್ತಿ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯೋ ಮಣ್ಣು ಅದು. ಬೇಸಿಗೆಯಲ್ಲಿ ಅದರ ಮೇಲೇ ಜಲ್ಲಿ ಹಾಸಿ ಡಾಂಬರು ಬಳಿದ್ರೆ ಬೋರ್ಡಿನ ಫೋಟೋಗೆ ಚೆನ್ನಾಗಿರುತ್ತೆ. ಒಂದು ಮಳೆಗಾಲ ಕಳೆದ ಮೇಲೆ ನೋಡಬೇಕು. ಎರೆ ಮಣ್ಣು ತೆಗೆದು ಗರಸು ತುಂಬಿ, ರೋಲರ್ ಹೊಡೆಸಿ, ಒಂದು ಮಳೆ ತಿನ್ನೋಕೆ ಬಿಟ್ಟು ಆಮೇಲೆ ಡಾಂಬರು ಹಾಕೋದು ಸರಿಯಾದ ದಾರಿ. ಇದು ದುಬಾರಿ, ತಡ ಕೂಡ.

ಭದ್ರಾ ಅಚ್ಚುಕಟ್ಟಿನ ಗದ್ದೆಯಲ್ಲಿ ಲೇಔಟ್ ಆದ್ರೆ ಇನ್ನೊಂದು ಸಮಸ್ಯೆ. ಗದ್ದೆಯಿಂದ ಗದ್ದೆಗೆ ನೀರು ಹೋಗೋ ಹೊಲಗಾಲುವೆ, ಬಸಿಗಾಲುವೆ ಮುಚ್ಚಿದ್ರೆ ನೀರು ಹೊಸ ಮನೆಗಳ ಪಾಯದಲ್ಲಿ ನಿಲ್ಲುತ್ತೆ. ಲೇಔಟಿನ ಒಳಗೆ ಚರಂಡಿ ಇದೆ ಸರಿ, ಅದು ಹೊರಗೆ ಎಲ್ಲಿಗೆ ಸೇರುತ್ತೆ? ಈ ಪ್ರಶ್ನೆಗೆ ಉತ್ತರ ಇಲ್ಲದ ನಕ್ಷೆಗಳು ಬೇಕಾದಷ್ಟಿವೆ.

ದುಡ್ಡು ‘ರೋಲ್’ ಮಾಡೋ ಅಭ್ಯಾಸ

ಈ ಕಸುಬಿನ ದೊಡ್ಡ ರೋಗ ಇದು. ಮೊದಲ ಲೇಔಟಿನ ಬುಕಿಂಗ್ ದುಡ್ಡು ಎರಡನೇ ಜಮೀನಿನ ಅಡ್ವಾನ್ಸ್ ಆಗುತ್ತೆ, ಎರಡನೇದರ ದುಡ್ಡಲ್ಲಿ ಮೊದಲನೇದರ ಟಿಸಿ, ಕಂಬ ಹಾಕಿಸ್ತಾರೆ. ಮಾರಾಟ ಆರು ತಿಂಗಳು ನಿಂತ್ರೆ ಎರಡೂ ನಿಲ್ಲುತ್ತೆ. ಸಾಲ ಮಾಡಿ, ಒಡವೆ ಇಟ್ಟು ಕಂತು ಕಟ್ಟಿದ ಮೇಷ್ಟ್ರೋ, ಬಸ್ ಕಂಡಕ್ಟರೋ ಕಚೇರಿಗೆ ಅಲೆಯೋದು ಶುರುವಾಗುತ್ತೆ.

ರೇರಾ ಬಂದದ್ದು ಇದಕ್ಕೇ. 2016ರ ಕಾಯ್ದೆ, ಕರ್ನಾಟಕದ ನಿಯಮಗಳು 2017ರಲ್ಲಿ ಬಂದವು. ಕೊಳ್ಳುವವರು ಕೊಟ್ಟ ದುಡ್ಡಿನಲ್ಲಿ ಶೇ 70 ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು, ಅದೇ ಯೋಜನೆಯ ಜಮೀನು ಮತ್ತು ಕಾಮಗಾರಿಗೆ ಮಾತ್ರ ಖರ್ಚಾಗಬೇಕು. ಇಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರೂ ದೃಢೀಕರಿಸಿದ ಮೇಲೇ ತೆಗೆಯಬೇಕು. 500 ಚದರ ಮೀಟರ್‌ಗಿಂತ ದೊಡ್ಡ ಜಾಗವಾದ್ರೆ ನೋಂದಣಿ ಬೇಕೇ ಬೇಕು. 500 ಚದರ ಮೀಟರ್ ಅಂದ್ರೆ ಹೆಚ್ಚುಕಡಿಮೆ 5 ಗುಂಟೆ. ‘ರೇರಾ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ, ನಮ್ಮಂಥ ಸಣ್ಣೋರಿಗಲ್ಲ’ ಅನ್ನೋದು ಸುಳ್ಳು. ನೋಂದಣಿ ಮಾಡದಿದ್ರೆ ಯೋಜನಾ ವೆಚ್ಚದ ಶೇ 10ರವರೆಗೆ ದಂಡ.

ಬೈಠಕ್‌ನ ಗುಣ ಗೊತ್ತಾಗೋದು ಇಲ್ಲಿ. ಕೆಲವು ಕಡೆ ಒಬ್ಬರು ತಮ್ಮ ಖಾತೆಯ ಲೆಕ್ಕವನ್ನೇ ಮುಂದಿಟ್ಟು ಹೇಗೆ ನಿಭಾಯಿಸಿದೆ ಅಂತ ತೋರಿಸ್ತಾರೆ. ಇನ್ನು ಕೆಲವು ಕಡೆ ಹಂಚಿಕೆಯಾಗೋದು ತಪ್ಪಿಸೋ ವಿದ್ಯೆ: ಒಂದೇ ಜಮೀನನ್ನ 4 ಗುಂಟೆಗೊಂದು ಯೋಜನೆ ಅಂತ ತುಂಡು ಮಾಡಿ ತೋರಿಸೋದು, ಅಲಿನೇಷನ್ ಇಲ್ಲದೆ ರೆವಿನ್ಯೂ ಸೈಟ್ ಮಾರೋದು, ‘ಇ-ಖಾತಾ ಆಮೇಲೆ ಆಗುತ್ತೆ’ ಅಂತ ಸಮಾಧಾನ ಹೇಳೋದು. ಚದರಡಿಗೆ ಇಷ್ಟಕ್ಕಿಂತ ಕಡಿಮೆ ಯಾರೂ ಮಾರಬಾರದು ಅಂತ ಮಾತಾಡಿಕೊಳ್ಳೋ ಕೂಟಗಳೂ ಉಂಟು. ಪೈಪೋಟಿಯಲ್ಲಿರೋರು ಹೀಗೆ ಸೇರಿ ದರ ಕಟ್ಟೋದು 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧ. ಟೀ ಕುಡೀತಾ ಆಡಿದ ಮಾತು ಅಂದ್ರೂ ಒಪ್ಪಂದ ಒಪ್ಪಂದವೇ.

ದೂಡಾದಂಥ ಪ್ರಾಧಿಕಾರಗಳೇ ವರ್ಷಕ್ಕೆರಡು ಸಲ ಸಣ್ಣ ಲೇಔಟಿನವರನ್ನ ಕರೆದು, ತಿರಸ್ಕಾರವಾದ ಫೈಲುಗಳ ಕಾರಣಗಳನ್ನ ಹೆಸರು ಬಿಟ್ಟು ವಿವರಿಸಿದ್ರೆ ಒಳ್ಳೇದಿತ್ತು. ಈಗ ಆ ಕೆಲಸ ಏಜೆಂಟರು ಮಾಡ್ತಿದ್ದಾರೆ, ಫೀಸು ತಗೊಂಡು.

ಸೈಟ್ ನೋಡೋಕೆ ಹೋದಾಗ ನೀವೂ ಈ ಬೈಠಕ್‌ನ ಪ್ರಶ್ನೆಗಳನ್ನೇ ಕೇಳಬಹುದು: ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರಿದೆಯಾ, ಸಹಿ ಇದೆಯಾ? ಇದು ಮಂಜೂರಾದ ಜಮೀನಾ? ನಿಮ್ಮ ನಂಬರಿನ ಸೈಟು ಪ್ರಾಧಿಕಾರದ ಬಿಡುಗಡೆ ಆದೇಶದಲ್ಲಿದೆಯಾ? ಚರಂಡಿ ಎಲ್ಲಿಗೆ ಸೇರುತ್ತೆ? ರೇರಾ ನಂಬರ್ ಬೋರ್ಡಿನ ಮೇಲಿದ್ರೆ ಸಾಲದು, ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಅಲ್ಲಿ ನಕ್ಷೆ, ಮುಗಿಸೋ ದಿನಾಂಕ ಎರಡೂ ಸಿಗುತ್ತೆ. ಬುಕಿಂಗ್‌ಗೆ ಅಂತ ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳಿದ್ರೆ, ಮೊದಲು ಕರಾರು ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು. ಆಮೇಲೇ ದುಡ್ಡು, ಅದೂ ಆ ಯೋಜನೆಯ ಖಾತೆಗೇ, ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲಿ.