ಬಾಗಿಲಿಲ್ಲದೆ ಬಾಳದ ಜೀವಿ

ಬಸ್ರೂರಿನ ಸುತ್ತಣ ಬೈಲುಗಳಲ್ಲಿ ಮಳೆ ಹಿಡಿದು ನಟ್ಟಿಯ ಕೆಲಸ ನಡೆಯುವ ಕಾಲದಲ್ಲಿ, ನೇಜಿಯ ಸೂಡಿಯನ್ನು ಪಕ್ಕಕ್ಕಿಟ್ಟುಕೊಂಡು ಕೆಸರಿನಲ್ಲಿ ಬಾಗಿ ನಿಂತವರಿಗೆ ಹಿಮ್ಮಡಿಯ ಒಡಕೊಂದು ಗಣನೆಗೆ ಬರುವ ಸಂಗತಿಯಲ್ಲ. ಆದರೆ ಮೆಲಿಯಾಯ್ಡೋಸಿಸ್ ಎಂಬ ವ್ಯಾಧಿಯನ್ನು ತರುವ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲ್ಲೈ ಎಂಬ ಸೂಕ್ಷ್ಮಜೀವಿಯ ವಾಸ ನಮ್ಮ ಕರಾವಳಿಯ ಇಂಥ ತೇವದ ಮಣ್ಣಿನಲ್ಲಿಯೇ. ಅದಕ್ಕೆ ಅಷ್ಟು ಒಡಕು ಸಾಕು. ಉಡುಪಿ ಜಿಲ್ಲೆಯಲ್ಲಿ ಈ ರೋಗ ಮಳೆಗಾಲದಲ್ಲಿ, ಅದರಲ್ಲಿಯೂ ಮಧುಮೇಹವುಳ್ಳವರಲ್ಲಿ, ಹೆಚ್ಚಾಗಿ ಕಾಣಿಸುವುದನ್ನು ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯರು ದಾಖಲಿಸಿರುವರು. ರಂಗೂನಿನಲ್ಲಿ ಆಲ್ಫ್ರೆಡ್ ವಿಟ್ಮೋರ್ ಹಾಗೂ ಸಿ. ಎಸ್. ಕೃಷ್ಣಸ್ವಾಮಿಯವರು ಇದನ್ನು ಗುರುತಿಸಿ 1912ರಲ್ಲಿಯೇ ವರದಿಮಾಡಿದ್ದರೂ, ಕ್ಷಯವೆಂಬ ತಪ್ಪು ಹೆಸರಿನ ಮರೆಯಲ್ಲಿ ಇದು ಇಂದಿಗೂ ಅಡಗಿಕೊಳ್ಳುವುದುಂಟು.

ಈ ಜೀವಿಯ ಹೊರಪೊರೆ ಮೇದಸ್ಸಿನದು. ನೀರಿನಲ್ಲಿ ಕರಗಿದ ಆಹಾರಾಂಶಗಳು ಅದನ್ನು ಸುಲಭವಾಗಿ ದಾಟಲಾರವು. ಆಹಾರವಿಲ್ಲದೆ ಬಾಳಲಾಗದಷ್ಟೆ, ಆದಕಾರಣ ಪೊರೆಯ ಉದ್ದಗಲಕ್ಕೂ ಪೋರಿನ್ ಎಂಬ ನಾಳದಂಥ ಪ್ರೋಟೀನುಗಳು ನಾಟಿಕೊಂಡಿವೆ. ಮೂರು ನಾಳಗಳು ಒಂದಕ್ಕೊಂದು ಆತುಕೊಂಡು ಒಂದು ಗುಂಪಾಗುವುವು. ಪ್ರತಿಯೊಂದರ ಕಂಠದಲ್ಲಿಯೂ ಒಳಮುಖವಾಗಿ ಮಡಿಚಿಕೊಂಡ ಎಳೆಯೊಂದು ದಾರಿಯನ್ನು ಕಿರಿದುಗೊಳಿಸುವುದು. ಥಾಯ್ಲೆಂಡಿನ ಸುರನಾರಿ ವಿಶ್ವವಿದ್ಯಾಲಯದ ವಿಪಾ ಸುಗಿಂತಾ ಮತ್ತು ಸಂಗಡಿಗರು ಈ ಜೀವಿಯ ಓಎಂಪಿ38 ಎಂಬ ಪೋರಿನ್ನನ್ನು ಬೇರ್ಪಡಿಸಿ, ಕೃತಕ ಮೇದೋಗುಳ್ಳೆಗಳಲ್ಲಿ ಕೂರಿಸಿ, ಸಕ್ಕರೆಯ ದ್ರಾವಣದಲ್ಲಿ ಪರೀಕ್ಷಿಸಿದರು. ಸಕ್ಕರೆ ಒಳಹೊಕ್ಕಂತೆ ನೀರೂ ಹಿಂಬಾಲಿಸಿ ಗುಳ್ಳೆ ಉಬ್ಬುವುದು; ಉಬ್ಬಿದಂತೆ ದ್ರಾವಣದ ಕದಡು ತಿಳಿಯಾಗುವುದು; ತಿಳಿಯಾಗುವ ವೇಗವೇ ನಾಳದ ಅಗಲಕ್ಕೆ ಸಾಕ್ಷಿ. ಕಣ್ಣಿಗೆ ಕಾಣದ ರಂಧ್ರವನ್ನು ಅಳೆಯಲು ಇದಕ್ಕಿಂತ ಸರಳವಾದ ಉಪಾಯವನ್ನು ನಾನರಿಯೆ.

ಇಂಥ ನಾಳಗಳಲ್ಲಿ ನುಸುಳಬಲ್ಲ ಅಣುಭಾರದ ಸಾಮಾನ್ಯ ಮಿತಿ ಸುಮಾರು 600 ಡಾಲ್ಟನ್. ಈ ರೋಗಕ್ಕೆ ಕೊಡುವ ಸೆಫ್ಟಾಜಿಡೈಮಿನ ಅಣುಭಾರ ಸುಮಾರು 547. ಅನ್ನದ ದಾರಿಯಲ್ಲಿಯೇ ಮದ್ದೂ ನುಸುಳಬೇಕು. ಬಸ್ರೂರು ಅಕ್ಕಿಯನ್ನು ಸಾಗಿಸಿ ಸಿರಿವಂತವಾದ ಜಲಮಾರ್ಗದಲ್ಲಿಯೇ 1665ರಲ್ಲಿ ಶಿವಾಜಿಯ ನೌಕೆಗಳೂ ಬಂದು ಊರನ್ನು ಸೂರೆಗೊಂಡವಲ್ಲವೆ? ಅಳಿವೆಯನ್ನು ಮುಚ್ಚಿದ್ದರೆ ವ್ಯಾಪಾರವೇ ನಿಲ್ಲುತ್ತಿತ್ತು. ಹಾಗೆಯೇ, ಆಸ್ಪತ್ರೆಗಳನ್ನು ಕಾಡುವ ಕ್ಲೆಬ್ಸಿಯೆಲ್ಲಾ ಎಂಬ ಸೂಕ್ಷ್ಮಜೀವಿಯ ಕೆಲವು ತಳಿಗಳು ಪೋರಿನ್ನುಗಳನ್ನೇ ಕೈಬಿಟ್ಟು ಔಷಧಿಯಿಂದ ಪಾರಾಗುವುದುಂಟಾದರೂ, ಆಹಾರ ಕುಗ್ಗಿ ಅವುಗಳ ಬೆಳವಣಿಗೆಯೂ ಕುಂಠಿತವಾಗುವುದು. ನಮ್ಮ ಗದ್ದೆಯ ಜೀವಿಯಾದರೋ ಇನ್ನೊಂದು ಉಪಾಯವನ್ನೂ ಬಲ್ಲದು: ಒಳಬಂದ ಜೆಂಟಾಮೈಸಿನ್ ಎಂಬ ಔಷಧಿಯನ್ನು ಪಂಪಿನಂಥ ಬೇರೆ ಪ್ರೋಟೀನುಗಳಿಂದ ಹೊರಕ್ಕೆ ದೂಡಿಬಿಡುವುದು.

ಈ ರೋಗದ ಚಿಕಿತ್ಸೆಯೂ ದೀರ್ಘ. ಕನಿಷ್ಠ ಹತ್ತು ದಿನವಾದರೂ ಸೆಫ್ಟಾಜಿಡೈಮನ್ನೋ ಮೆರೊಪೆನೆಮನ್ನೋ ರಕ್ತನಾಳಕ್ಕೆ ಕೊಟ್ಟು, ಅನಂತರ ಸುಮಾರು ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆಗಳನ್ನು ನುಂಗಿಸುವರು. ಜ್ವರ ಇಳಿಯಿತು, ನಟ್ಟಿಗೆ ಆಳಿಲ್ಲ ಎಂದು ನಡುವೆ ಬಿಟ್ಟವರಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚು.