ಪಟ್ಟಿಯಲ್ಲಿರುವವರನ್ನು ಕೇಳಿದವರಾರು?

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಹಳೆಯ ಮೊಬೈಲ್ ಮಾರುವವರು ಅದರೊಡನೆ ನೂರಾರು ಜನರ ಹೆಸರು, ದೂರವಾಣಿ ಸಂಖ್ಯೆಗಳನ್ನೂ ಒಪ್ಪಿಸಿಬಿಡಬಹುದು. ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಸಂಪರ್ಕ ವಿವರಗಳನ್ನು ಫೋನಿನೊಳಗೇ ‘ಡಬ್ಲ್ಯುಎ.ಡಿಬಿ’ ಎಂಬ ಕಡತದಲ್ಲಿ ಇರಿಸುತ್ತದೆ. 2000ದಲ್ಲಿ ರಿಚರ್ಡ್ ಹಿಪ್ ರೂಪಿಸಿದ ಎಸ್‌ಕ್ಯೂಲೈಟ್ ಮಾದರಿಯ ಕಡತವದು. ಫೋನಿನ ರಕ್ಷಣೆಯನ್ನು ದಾಟಿ ಅದನ್ನು ನಕಲು ಮಾಡಿಕೊಂಡವನಿಗೆ ಉಚಿತ ತಂತ್ರಾಂಶವೊಂದಿದ್ದರೆ ಸಾಕು, ಇಡೀ ಕೋಷ್ಟಕ ತೆರೆದುಕೊಳ್ಳುತ್ತದೆ. ಅಳಿಸಿದ ನಮೂದು ಕೂಡ, ಆ ಜಾಗದಲ್ಲಿ ಹೊಸದನ್ನು ಬರೆಯುವವರೆಗೆ, ಅನೇಕ ಬಾರಿ ಹಾಗೆಯೇ ಉಳಿದಿರುತ್ತದೆ. ನಾನು ಕಂಡ ಕಚೇರಿಗಳಲ್ಲಿ ದಾಖಲೆಯ ನಕಲಿಗೆ ಅರ್ಜಿ, ಶುಲ್ಕ, ಮೊಹರು ಬೇಕಿತ್ತು. (ಅಲ್ಲಿನ ವಿಳಂಬವನ್ನು ಸಮರ್ಥಿಸುತ್ತಿಲ್ಲ.)

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ. ಆ ಬಳಿಕ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವ್ಯಕ್ತಿಯೊಬ್ಬ ಸ್ವಂತ ಇಲ್ಲವೇ ಗೃಹಕೃತ್ಯದ ಉದ್ದೇಶಕ್ಕೆ ಬಳಸುವ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಈ ವಿನಾಯಿತಿ ನ್ಯಾಯವಾದುದೇ. ಮನೆಯ ದೂರವಾಣಿ ಪುಸ್ತಕಕ್ಕೆ ಇನ್‌ಸ್ಪೆಕ್ಟರು ಬರುವುದು ಯಾರಿಗೂ ಬೇಡ. ಆದರೆ ಅಜಾಗರೂಕತೆ ನಮ್ಮದು, ಸೋರಿಕೆಯ ನಷ್ಟ ಪಟ್ಟಿಯಲ್ಲಿರುವವರದು. ಅರ್ಥಶಾಸ್ತ್ರದಲ್ಲಿ ಇದಕ್ಕೆ ಬಾಹ್ಯ ಪರಿಣಾಮವೆಂದು ಹೆಸರು.

ಮಾರುವ ಮುನ್ನ ‘ಫ್ಯಾಕ್ಟರಿ ರೀಸೆಟ್’ ಮಾಡಿದರೆ ಇಂದಿನ ಫೋನುಗಳಲ್ಲಿ ಗೂಢಲಿಪಿಯ ಕೀಲಿಯೇ ನಾಶವಾಗಿ ಹಳೆಯ ಕಡತ ಓದಲು ಬಾರದಂತಾಗುತ್ತದೆ. ರಿಪೇರಿಗೆ ಕೊಡುವಾಗ ಪಿನ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡುವ ರೂಢಿಯೂ ನಿಲ್ಲಬೇಕು.