ಹಳೆ ಕೇಬಲ್ ಪಕ್ಕ ಹೊಸ ಕೇಬಲ್

ಕೀಳ್ ಕೋತಗಿರಿಯ ಚಹಾ ತೋಟಗಳ ನಡುವಿನ ಒಂದು ಏರುತಿರುವಿನಲ್ಲಿ ನನ್ನ ಬೈಕಿನ ಕ್ಲಚ್ ಕೇಬಲ್ ಕಡಿಯಿತು. ತಿಂಗಳುಗಳಿಂದ ಎಣ್ಣೆ ಕಾಣಿಸದೆ ಓಡಿಸಿದ್ದು ನಾನೇ. ಹಿಂದೆ ಬರುತ್ತಿದ್ದ ಬಡಗರ ಹುಡುಗನೊಬ್ಬ ನಿಲ್ಲಿಸಿದ. ಅವನದೂ ಅದೇ ಮಾದರಿಯ ಬೈಕು. ಹಳೆ ಕೇಬಲ್ಲಿನ ಪಕ್ಕದಲ್ಲೇ, ಹ್ಯಾಂಡಲ್‌ನಿಂದ ಎಂಜಿನ್‌ವರೆಗೆ, ಹೊಸದೊಂದನ್ನು ಎಳೆದು ಕಟ್ಟಿಟ್ಟಿದ್ದ. ಒಂದು ಕಡಿದರೆ ಇನ್ನೊಂದರ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು. ಅದನ್ನೇ ಬಿಚ್ಚಿ ನನ್ನ ಬೈಕಿಗೆ ಹಾಕಿದ.

ಅವನು ಬಡಗ ಭಾಷೆಯಲ್ಲಿ, ನಾನು ಮೈಸೂರು ಕನ್ನಡದಲ್ಲಿ ಮಾತಾಡಿದೆವು. ಎರಡೂ ಹತ್ತಿರದ ನೆಂಟರಾದ್ದರಿಂದ ತೊಡಕಾಗಲಿಲ್ಲ. ಈ ಉಪಾಯ ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಗೂಡಲೂರಿನ ಗೆಳೆಯ ಎಂದ. ಅವನಿಗೆ ಯಾರು? "ನಿಮ್ಮ ಮೈಸೂರಿನವರೇ ಯಾರೋ, ಅಣ್ಣ."

ಮೈಸೂರು ಎಂದದ್ದು ನನಗೆ ಅಚ್ಚರಿ ತರಲಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಬೈಕುಗಳು ಹೊರಬರತೊಡಗಿದವು. ಮೊದಲು ಜಾವಾ, ಆಮೇಲೆ ಯೆಜ್ಡಿ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು, ಆದರೆ ಬೈಕುಗಳು ನಿಲ್ಲಲಿಲ್ಲ. ಬಿಡಿಭಾಗ ಮಾಡುವವರೇ ಇಲ್ಲದಾಗ ಒಡೆಯರು ಗುಜರಿ ಅಂಗಡಿ ಹುಡುಕಿದರು, ಲೇತ್ ಮೆಷಿನ್ನಿನವನ ಮುಂದೆ ಕುಳಿತು ಬುಷ್ ಕಡೆಸಿದರು, ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕೆಂದು ತಮ್ಮ ತಮ್ಮಲ್ಲೇ ವಾದಿಸಿದರು. ಜುಲೈ ತಿಂಗಳ ಎರಡನೇ ಭಾನುವಾರ ಸೇರಿ ಜಾವಾ ದಿನ ಆಚರಿಸುವವರಲ್ಲಿ ಇವತ್ತಿಗೂ ನಡೆಯುವ ದೊಡ್ಡ ವ್ಯವಹಾರ ಈ ಮಾತುಗಳದ್ದೇ. ನಮ್ಮ ಕಡೆ ಬೈಕಿನ ಒಡೆಯ ತಾನೇ ಅರ್ಧ ಮೆಕ್ಯಾನಿಕ್ ಆದದ್ದು ಆಸೆಯಿಂದಲ್ಲ, ಕೊರತೆಯಿಂದ ಎಂದು ನಾನು ನಂಬಿದ್ದೇನೆ.

ಎರಡನೆಯ ಕೊರತೆ ಬೇರೆ ಬಗೆಯದು. ಟಾರಿನಲ್ಲೂ ಮಣ್ಣಿನಲ್ಲೂ ಓಡುವ ಬೈಕನ್ನು ಯಮಹಾ 1968ರಲ್ಲೇ ಡಿಟಿ-1 ಹೆಸರಿನಲ್ಲಿ ಜನಪ್ರಿಯಗೊಳಿಸಿತ್ತು. ನಮ್ಮಲ್ಲಿ ಸಾಮಾನ್ಯರ ಕೈಗೆಟಕುವ ಅಂಥ ಬೈಕು, ಹೀರೋ ಇಂಪಲ್ಸ್, ಬಂದದ್ದು 2011ರಲ್ಲಿ. ಮೈಕಟ್ಟು ಸರಿಯಾಗಿತ್ತು, 150 ಸಿಸಿಯ ಎಂಜಿನ್ನಿಗೆ ಘಟ್ಟ ಹತ್ತುವ ಕಸುವು ಸಾಲದು ಎನ್ನುವುದು ಓಡಿಸಿದವರ ದೂರು. ಕೆಲವರು ಅದರೊಳಗೆ ಕರಿಜ್ಮಾದ 223 ಸಿಸಿ ಎಂಜಿನ್ನನ್ನೇ ಕೂರಿಸಿಬಿಟ್ಟರು. ಎಂಜಿನ್ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ಅನುಮತಿಯಿಲ್ಲದೆ ಮಾಡಿದರೆ ತಪ್ಪು. ಆದರೂ ಆ ಗ್ಯಾರೇಜುಗಳಿಂದ ಒಂದು ಬೇಡಿಕೆ ಎದ್ದು ಕಾಣಿಸಿತು. 2016ರಲ್ಲಿ ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 411 ಸಿಸಿಯೊಂದಿಗೆ ಬಂತು, 2019ರಲ್ಲಿ ಹೀರೋದ ಎಕ್ಸ್‌ಪಲ್ಸ್ 200 ಬಂತು. ಮರುವರ್ಷ ಎಕ್ಸ್‌ಪಲ್ಸ್‌ಗೆ ರ್‍ಯಾಲಿ ಕಿಟ್ ಕೊಟ್ಟಾಗ 220 ಮಿಲಿಮೀಟರ್ ಇದ್ದ ನೆಲದ ಅಂತರ 275ಕ್ಕೆ ಏರಿತು. ಒಡೆಯರು ಸುತ್ತಿಗೆ ಪಾನಾ ಹಿಡಿದು ಮಾಡಿಕೊಳ್ಳುತ್ತಿದ್ದ ಕೆಲಸಕ್ಕೆ ಕಂಪನಿಯೇ ಕೈಹಾಕಿದಂತಾಯಿತು. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂದಾಗ ಅದರಲ್ಲೂ ಅಡ್ವೆಂಚರ್ ಎಂಬ ಎತ್ತರದ ಬೈಕೊಂದಿತ್ತು.

ಬೆಟ್ಟ ಮಾತ್ರ ತನ್ನ ಪಾಠವನ್ನು ಬೇರೆಯಾಗಿಯೇ ಹೇಳಿಕೊಡುತ್ತದೆ. ಮೆಟ್ಟುಪಾಳಯದಿಂದ ಕೋತಗಿರಿಗೆ ಸುಮಾರು 33 ಕಿಲೋಮೀಟರ್. ಅಷ್ಟರಲ್ಲಿ ಬಯಲಿನಿಂದ ಸುಮಾರು 1,800 ಮೀಟರ್ ಎತ್ತರ ತಲುಪುತ್ತೇವೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಐದನೇ ಒಂದರಷ್ಟು ಕಡಿಮೆ. ಕಾರ್ಬ್ಯುರೇಟರ್ ಬೈಕು ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚು ಕುಡಿದು ಪ್ಲಗ್ ಕಪ್ಪಾಗಿಸುತ್ತದೆ. ಇಂಜೆಕ್ಷನ್ ಬೈಕು ತಾನೇ ಹೊಂದಿಕೊಳ್ಳುತ್ತದೆ, ಆದರೆ ಕಳೆದುಕೊಂಡ ಕಸುವನ್ನು ಅದೂ ತಂದುಕೊಡಲಾರದು. ಅದಕ್ಕೇ ಇಂಥ ಏರಿನವರು ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿಸುವುದುಂಟು. ಓಟದ ವೇಗ ತುಸು ಇಳಿಯುತ್ತದೆ, ಎಳೆಯುವ ಶಕ್ತಿ ಏರುತ್ತದೆ.

ಹೊಸಬರು ಹೆಚ್ಚು ಎಡವುವುದು ಚೈನಿನಲ್ಲಿ. ಮಣ್ಣಿನಲ್ಲೂ ಓಡುವ ಈ ಎತ್ತರದ ಬೈಕುಗಳ ಹಿಂದಿನ ಸಸ್ಪೆನ್ಷನ್ ತುಂಬ ಕೆಳಕ್ಕೆ ಇಳಿಯುತ್ತದೆ. ಸ್ಟ್ಯಾಂಡ್ ಮೇಲೆ ನಿಂತಾಗ ಚೈನ್ ಸಡಿಲ ಕಂಡಿತೆಂದು ಬಿಗಿ ಮಾಡಿದರೆ, ಗುಂಡಿಗೆ ಬಿದ್ದ ಹೊಡೆತಕ್ಕೆ ಅದು ತಂತಿಯಂತೆ ಸೆಟೆದು ಗೇರ್‌ಬಾಕ್ಸಿನ ಬೇರಿಂಗನ್ನೇ ಎಳೆಯುತ್ತದೆ. ಚೈನ್ ಅತ್ಯಂತ ಬಿಗಿಯಾಗುವ ಮಟ್ಟಕ್ಕೆ ಹಿಂಚಕ್ರವನ್ನು ಒತ್ತಿಸಿ, ಆಗಲೂ ತುಸು ಸಡಿಲ ಉಳಿಯಬೇಕು ಎಂಬುದು ಅನುಭವಿಗಳ ಮಾತು. ಇಳಿಜಾರಿನಲ್ಲಿ ಬ್ರೇಕಿಗೆ ಜೋತುಬೀಳದೆ ಗೇರ್ ಇಳಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಮಂಜಿನ ಊರಿನವರು ಅದನ್ನು ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು.

ಕೇಬಲ್ ಕೂತ ಮೇಲೆ ಹುಡುಗ ನನ್ನ ಮುಂದಿನ ಚಕ್ರದ ಬಳಿ ಕುಕ್ಕುರುಗಾಲಿನಲ್ಲಿ ಕುಳಿತು ಸ್ಪೋಕ್ ಕಡ್ಡಿಗಳನ್ನು ಒಂದೊಂದಾಗಿ ಪಾನಾದಿಂದ ಮೀಟಿದ. ಬಿಗಿಯಿದ್ದದ್ದು ಟಿಂಗ್ ಎಂದಿತು, ಸಡಿಲವಿದ್ದದ್ದು ಥಕ್ ಎಂದಿತು. ಎರಡು ಸಡಿಲವಿದ್ದವು. ಕೋತಗಿರಿಯ ಹೆಸರಿನಲ್ಲಿರುವ ಕೋತರು ಈ ಬೆಟ್ಟದ ಕಮ್ಮಾರರು. ಬಡಗರ ಗುದ್ದಲಿ ಕತ್ತಿಗಳನ್ನು ತಲೆಮಾರುಗಳ ಕಾಲ ತಟ್ಟಿಕೊಟ್ಟವರು. ಕಬ್ಬಿಣದ ಸದ್ದು ಕೇಳಿ ಅದರ ಆರೋಗ್ಯ ಹೇಳುವ ಕಿವಿ ಈ ಊರಿಗೆ ಹೊಸದಿರಲಾರದು ಎನಿಸಿತು.

ದುಡ್ಡು ಬೇಡವೆಂದ. ಮರುದಿನ ಕೋತಗಿರಿಯ ಅಂಗಡಿಯಲ್ಲಿ ಎರಡು ಕೇಬಲ್ ಕೊಂಡು, ಒಂದನ್ನು ಅವನ ಹಟ್ಟಿಗೆ ಹೋಗಿ ಕೊಟ್ಟೆ. ಇನ್ನೊಂದನ್ನು ಅವನೇ ನನ್ನ ಬೈಕಿಗೆ ಕಟ್ಟಿದ, ಹ್ಯಾಂಡಲ್ ಪೂರ್ತಿ ತಿರುಗಿಸಿ ಎಲ್ಲೂ ಸಿಕ್ಕಿಕೊಳ್ಳುತ್ತಿಲ್ಲವೆಂದು ಎರಡೆರಡು ಸಲ ನೋಡಿ.